ಮೊದಲು ನೀರಿಗಿಳಿಸಿ, ಚಂದ ಆಮೇಲೆ ಮಾಡಿ

ಹಳೇ ಹಾಯಿದೋಣಿ ಕೊಂಡು ಸರಿಮಾಡ್ತೀನಿ ಅಂತ ಯಾರಿಗಾದ್ರೂ ಹೇಳಿ ನೋಡಿ. ಎರಡೇ ಥರದ ಉತ್ತರ ಸಿಗುತ್ತೆ. ಒಂದು, "ನಿಮಗೇನ್ರೀ, ದುಡ್ಡು ಹೆಚ್ಚಾಗಿದ್ಯಾ?" ಇನ್ನೊಂದು, ದೋಣಿ ಬಗ್ಗೆ ಸ್ವಲ್ಪ ಗೊತ್ತಿರೋರು ಕೊಡೋ ಉತ್ತರ: "ಮಾಡೋದಾದ್ರೆ ಸರಿಯಾಗಿ ಮಾಡು, ಎಲ್ಲಾ ಬಿಚ್ಚಿ ಹೊಸದರ ಹಾಗೆ ಮಾಡು. ಇಲ್ಲಾಂದ್ರೆ ಮುಟ್ಟಲೇಬೇಡ." ನನಗೆ ಎರಡೂ ಒಪ್ಪಿಗೆ ಇಲ್ಲ. ಮೊದಲನೇದನ್ನ ನಕ್ಕು ಬಿಟ್ಟುಬಿಡಬಹುದು. ಆದ್ರೆ ಎರಡನೇದಿದ್ಯಲ್ಲ, ಹಳೇ ದೋಣಿಗಳನ್ನ ಕೊಲ್ಲೋದೇ ಅದು ಅಂತ ನನ್ನ ವಾದ. ಜಗಳ ಆಡೋರು ಪೂರ್ತಿ ಓದಿ ಆಮೇಲೆ ಆಡಿ :-)

ನಾನಿರೋದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಅರ್ಧ ಗಂಟೆ ಕಾರು ಓಡಿಸಿದ್ರೆ ಚೆಸಪೀಕ್ ಕೊಲ್ಲಿ. ಸುಮಾರು 200 ಮೈಲಿ ಉದ್ದ, ಆದ್ರೆ ಆಳ ನೋಡಿದ್ರೆ ಸರಾಸರಿ 21 ಅಡಿ ಅಷ್ಟೇ. ಸಣ್ಣ ದೋಣಿಗೆ ಹೇಳಿ ಮಾಡಿಸಿದ ಜಾಗ. ಈ ಕಡೆ ಹಳ್ಳಿಗಳಲ್ಲಿ ಹೋಗ್ತಾ ಇದ್ರೆ ಯಾರದೋ ಹಿತ್ತಲಲ್ಲಿ ಒಂದು ಹಳೇ ಹಾಯಿದೋಣಿ ಟಾರ್ಪಾಲಿನ್ ಹೊದ್ದು ಮಲಗಿರೋದು ಕಾಣ್ತಾನೇ ಇರುತ್ತೆ. ಮಕ್ಕಳು ದೊಡ್ಡೋರಾದ್ರು, ಮಂಡಿನೋವು ಬಂತು, ಡೈವೋರ್ಸ್ ಆಯ್ತು... ಕಾರಣ ಏನಾದ್ರೂ ಇರಲಿ, ದೋಣಿ ಮಾತ್ರ ಅಲ್ಲೇ. "ಪುಕ್ಕಟೆ, ಬಂದು ಎಳ್ಕೊಂಡು ಹೋಗಿ" ಅನ್ನೋ ಬೋರ್ಡು ನೇತುಹಾಕಿರೋದೂ ಉಂಟು. ನಾನು 2021ರಲ್ಲಿ ತಗೊಂಡದ್ದು ಪುಕ್ಕಟೆ ಅಲ್ಲ, ಟ್ರೈಲರ್ ಸೇರಿ 800 ಡಾಲರ್. 1976ರ ಕ್ಯಾಟಲೀನಾ 22. ಫ್ರಾಂಕ್ ಬಟ್ಲರ್ ಅನ್ನೋರು ಕ್ಯಾಲಿಫೋರ್ನಿಯಾದಲ್ಲಿ ವಿನ್ಯಾಸ ಮಾಡಿದ್ದು, 15 ಸಾವಿರಕ್ಕೂ ಹೆಚ್ಚು ತಯಾರಾದ ಮಾಡೆಲ್ಲು. ನಮ್ಮಲ್ಲಿ ಒಂದು ಕಾಲಕ್ಕೆ ಬಜಾಜ್ ಚೇತಕ್ ಇತ್ತಲ್ಲ, ಹಾಗೆ ಅಂದ್ಕೊಳ್ಳಿ. ಫ್ಯಾಶನ್ ಇಲ್ಲ, ಆದ್ರೆ ಬಿಡಿಭಾಗ ಸಿಗುತ್ತೆ, ಯಾವ ರಿಪೇರಿ ಅಂದ್ರೂ ಅದನ್ನ ಮೊದಲೇ ಮಾಡಿ ಮುಗಿಸಿದೋರು ನೂರು ಜನ ಇದ್ದಾರೆ. ಬಜೆಟ್ ಸಣ್ಣದಾಗಿದ್ರೆ ದೋಣಿಯ ಅಂದಕ್ಕಿಂತ ಇದು ಮುಖ್ಯ.

ಇಷ್ಟು ಅಗ್ಗ ಯಾಕೆ ಅಂತ ಕೇಳ್ತೀರಾ? ಅದರ ಹಿಂದೆ ಒಂದು ಕಥೆ ಇದೆ. 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಪಿಯರ್ಸನ್ ಕಂಪನಿ ಟ್ರೈಟನ್ ಅನ್ನೋ 28 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ ತಂದಿಟ್ಟಿತು. ಅಲ್ಲಿಂದ ಮುಂದೆ ಇಡ್ಲಿ ತಟ್ಟೆಯಲ್ಲಿ ಇಡ್ಲಿ ಎಬ್ಬಿಸಿದ ಹಾಗೆ ಅಚ್ಚಿನಿಂದ ದೋಣಿ ಎಬ್ಬಿಸೋದು ಶುರುವಾಯ್ತು. ಆಗಿನ ತಯಾರಕರಿಗೆ ಈ ಹೊಸ ವಸ್ತುವಿನ ಮೇಲೆ ಪೂರ್ತಿ ಭರವಸೆ ಇರ್ಲಿಲ್ಲ, ಹಾಗಾಗಿ ದಪ್ಪಗೇ ಮಾಡಿದ್ರು. ಐವತ್ತು ವರ್ಷ ಕಳೆದ್ರೂ ಅವುಗಳ ಒಡಲು ಗಟ್ಟಿಯಾಗೇ ಇದೆ. ಹಾಳಾಗೋದು ಅದಕ್ಕೆ ಅಂಟಿಸಿದ್ದು, ಸ್ಕ್ರೂ ಹಾಕಿದ್ದು, ಕಟ್ಟಿದ್ದು. ಜೇಮ್ಸ್ ಬಾಲ್ಡ್‌ವಿನ್ ಅನ್ನೋ ಅಮೆರಿಕನ್ 'ಆಟಮ್' ಹೆಸರಿನ ಒಂದು ಹಳೇ ಟ್ರೈಟನ್‌ನಲ್ಲೇ ಎರಡು ಸಲ ಪ್ರಪಂಚ ಸುತ್ತಿದ್ದಾರೆ. ಅಂದ್ರೆ ಲೆಕ್ಕ ಹೀಗಾಯ್ತು: ನೂರಾರು ಗಂಟೆ ಕೂಲಿಯಲ್ಲಿ ತಯಾರಾದ ಗಟ್ಟಿ ಒಡಲಿಗೆ ಬೆಲೆ ಇಲ್ಲ, ಅದಕ್ಕೆ ಹಾಕೋ ಬೋಲ್ಟಿಗೆ ಬೆಲೆ! ಈ ತಲೆಕೆಳಗಾದ ಲೆಕ್ಕವೇ ಕೈಯಲ್ಲಿ ಸ್ವಲ್ಪ ದುಡ್ಡಿರೋರಿಗೆ ಸಿಕ್ಕಿರೋ ಅವಕಾಶ. ಅದೇ ಲೆಕ್ಕ ನಮ್ಮನ್ನ ಮುಳುಗಿಸೋದೂ ಹೌದು. ಯಾಕಂದ್ರೆ ಬೋಲ್ಟುಗಳಿಗೆ ಕೊನೆ ಇಲ್ಲ.

ಹಾಗಾದ್ರೆ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ನಿಲ್ಲಿಸಬೇಕು? ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿನ ಯಾವ ತಜ್ಞರಿಂದಲೂ ಅಲ್ಲ, ಗಂಗೊಳ್ಳಿಯಲ್ಲಿರೋ ನನ್ನ ಸೋದರಮಾವನಿಂದ. ನಲವತ್ತು ವರ್ಷ ಮೀನಿಗೆ ಹೋದವರು. ನಾನು ದೋಣಿ ಕೊಂಡ ವಿಷಯ ಫೋನಲ್ಲಿ ಹೇಳಿದಾಗ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಮೂರೇ ಪ್ರಶ್ನೆ ಕೇಳಿದ್ರು. "ಮಾಣಿ, ನೀರ್ ಒಳ್ಗ್ ಬತ್ತಾ? ಕೂವೆ ಗಟ್ಟಿ ಇತ್ತಾ? ಚುಕ್ಕಾಣಿ ತಿರ್ಗತ್ತಾ?" ಅಷ್ಟೇ. ಬಣ್ಣ ಯಾವುದು, ಒಳಗೆ ಕುಶನ್ ಹೇಗಿದೆ, ಏನೂ ಇಲ್ಲ. ಊರಲ್ಲಿ ಮರದ ದೋಣಿಗೆ ವರ್ಷಾ ವರ್ಷಾ ಗೇರೆಣ್ಣೆ ಬಳಿದು ಮತ್ತೆ ನೀರಿಗೆ ತಳ್ಳೋರು, ಅವರ ಲೆಕ್ಕದಲ್ಲಿ ರಿಪೇರಿ ಅಂದ್ರೆ ದೋಣಿ ನೀರಿಗೆ ಹೋಗೋದಕ್ಕೆ ಏನು ಬೇಕೋ ಅದು. ನಾನು ಆ ಮೂರು ಪ್ರಶ್ನೆಗಳನ್ನೇ ಬಜೆಟ್ ಮಾಡ್ಕೊಂಡೆ.

ನೀರು ಒಳಗೆ ಬರುತ್ತಾ ಅನ್ನೋದಕ್ಕೆ ಎರಡು ದಾರಿ, ಕೆಳಗಿಂದ ಮತ್ತು ಮೇಲಿಂದ. ಕೆಳಗಿಂದ ಬರೋದು ಭಯ ಹುಟ್ಟಿಸುತ್ತೆ. ಸಿಂಕಿನ ನೀರು ಹೊರಗೆ ಹೋಗೋ ತೂತುಗಳು ನೀರಿನ ಮಟ್ಟದ ಹತ್ತಿರ, ಕೆಳಗೆ ಇರ್ತವೆ, ಅಲ್ಲಿ ಹಳೇ ಹಿತ್ತಾಳೆ ವಾಲ್ವ್ ಕೂತಿರುತ್ತೆ. ಉಪ್ಪುನೀರಲ್ಲಿ ಹಿತ್ತಾಳೆಯೊಳಗಿನ ಸತು ಕರಗಿ ಹೋಗಿ ಬರೀ ತಾಮ್ರದ ಜಾಳು ಉಳಿಯುತ್ತೆ. ನೋಡೋಕೆ ಒಂಥರಾ ಗುಲಾಬಿ ಬಣ್ಣ, ತಿರುಪಿದ್ರೆ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಇದನ್ನ ಬದಲಾಯಿಸೋಕೆ ನನಗೆ ತಗಲಿದ್ದು 90 ಡಾಲರ್. ಯೋಚನೆ ಮಾಡೋ ವಿಷಯವೇ ಅಲ್ಲ.

ಮೇಲಿಂದ ಬರೋ ನೀರು ಮೆತ್ತಗೆ ಕೊಲ್ಲೋದು. ಡೆಕ್ ಅಂದ್ರೆ ನಾವು ಓಡಾಡೋ ಮೇಲ್ಭಾಗ, ಎರಡು ಪದರ ಫೈಬರ್‌ಗ್ಲಾಸ್, ನಡುವೆ ಪ್ಲೈವುಡ್. ಸ್ಯಾಂಡ್‌ವಿಚ್ ಥರ. ಅದರ ಮೇಲೆ ಕೂರಿಸಿದ ಒಂದೊಂದು ಸ್ಕ್ರೂವಿನ ಸುತ್ತಲೂ ಹಳೇ ಸೀಲಂಟ್ ಒಣಗಿ ಬಿರುಕು ಬಿಟ್ಟಿರುತ್ತೆ. ಮಳೆನೀರು ಅಲ್ಲಿಂದ ಇಳಿದು ಪ್ಲೈವುಡ್ಡನ್ನ ಕೊಳೆಸುತ್ತೆ. ಕಂಡುಹಿಡಿಯೋದು ಹೇಗೆ ಗೊತ್ತಾ? ಸ್ಕ್ರೂಡ್ರೈವರ್ ಹಿಡಿಯಲ್ಲಿ ಬಾರಿಸೋದು! ಸಂತೆಯಲ್ಲಿ ತೆಂಗಿನಕಾಯಿ ಬಾರಿಸಿ ನೋಡ್ತೀವಲ್ಲ, ಹಾಗೇ. ಒಣಗಿದ್ರೆ ಟಣ್ ಟಣ್, ನೀರು ಕುಡಿದಿದ್ರೆ ದಬ್ ದಬ್. ನನ್ನ ದೋಣಿಯಲ್ಲಿ ಕೂವೆಮರದ ಬುಡದ ಹತ್ತಿರ ಎರಡು ಅಡಿ ಜಾಗ ದಬ್ ಅಂತು. ಮೇಲಿನ ಪದರ ಕತ್ತರಿಸಿ ತೆಗೆದು, ಕೊಳೆತ ಮರ ಕೆರೆದು, ಎರಡು ವಾರ ಒಣಗಲು ಬಿಟ್ಟು, ಹೊಸ ಪ್ಲೈವುಡ್ ಎಪಾಕ್ಸಿಯಲ್ಲಿ ಕೂರಿಸಿ ಮುಚ್ಚಿದೆ. ಉಳಿದ ಸ್ಕ್ರೂಗಳಿಗೆಲ್ಲ ಒಂದೇ ವಿಧಾನ: ತೂತನ್ನ ಬೇಕಂತಲೇ ದೊಡ್ಡದು ಮಾಡಿ, ಎಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು ಕೊರೆಯೋದು. ಆಮೇಲೆ ಯಾವತ್ತಾದ್ರೂ ಸೀಲ್ ಸೋರಿದ್ರೂ ನೀರಿಗೆ ಮರ ಸಿಗಲ್ಲ. ಸೀಲಿಗೆ ಬ್ಯೂಟೈಲ್ ಟೇಪ್, ಒಂದು ಸುರುಳಿಗೆ ಕೆಲವೇ ಡಾಲರ್. ಚ್ಯೂಯಿಂಗ್ ಗಮ್ ಥರ ಅಂಟಂಟು, ಕೈಗೆ ಹತ್ತಿದ್ರೆ ಮನೆಯೆಲ್ಲಾ ಹತ್ತುತ್ತೆ. ಮನೆಯಲ್ಲಿ ಬೈಸಿಕೊಳ್ಳೋಕೆ ತಯಾರಿರಬೇಕು.

ಈ ಪ್ಯಾಚು ನೋಡೋಕೆ ಚಂದ ಇಲ್ಲ. ಸುತ್ತಲಿನ ಬಣ್ಣಕ್ಕೂ ಅದಕ್ಕೂ ಹೊಂದಿಕೆ ಇಲ್ಲ, ಬಿಳಿ ಅಂಗಿಗೆ ಹಾಕಿದ ತೇಪೆ ಹಾಗೆ ಎದ್ದು ಕಾಣುತ್ತೆ. ಡೆಕ್ ಪೂರ್ತಿ ಉಜ್ಜಿ ಪೇಂಟ್ ಹೊಡೆದ್ರೆ ಸರಿಹೋಗುತ್ತೆ, ಆದ್ರೆ ಅದಕ್ಕೆ ಒಂದು ಬೇಸಿಗೆ ಪೂರ್ತಿ ಬೇಕು. ನಾನು ಹೊಡೀಲಿಲ್ಲ. ಇಲ್ಲೇ ನೋಡಿ ನಾನೂ ಆ "ಸರಿಯಾಗಿ ಮಾಡು" ಅನ್ನೋರೂ ಬೇರೆಯಾಗೋದು.

ಕೂವೆಯ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ಅದನ್ನ ನಿಲ್ಲಿಸಿರೋದು ಸ್ಟೇನ್‌ಲೆಸ್ ಸ್ಟೀಲ್ ತಂತಿಗಳು. ಸ್ಟೇನ್‌ಲೆಸ್ ಅಂದ ಮಾತ್ರಕ್ಕೆ ತುಕ್ಕು ಹಿಡಿಯಲ್ಲ ಅಂತಿಲ್ಲ. ಅದಕ್ಕೆ ಗಾಳಿ ಬೇಕು. ಆಮ್ಲಜನಕ ಸಿಕ್ಕಿದ ಕಡೆ ಮೇಲೊಂದು ತೆಳ್ಳನೆ ರಕ್ಷಣೆ ಪದರ ಕಟ್ಟಿಕೊಳ್ಳುತ್ತೆ. ಸಿಗದ ಕಡೆ, ಅಂದ್ರೆ ತಂತಿಯ ತುದಿಯನ್ನ ಒತ್ತಿ ಕೂರಿಸಿರೋ ಕೊಳವೆಯೊಳಗೆ, ಉಪ್ಪುನೀರು ನಿಂತು ಒಳಗೊಳಗೇ ತಿನ್ನುತ್ತೆ. ಹೊರಗಿಂದ ಫಳಫಳ. ಒಂದು ದಿನ ಜೋರು ಗಾಳಿಗೆ ಟಪ್ ಅಂದ್ರೆ ಕಂಬ ತಲೆ ಮೇಲೆ. ನನ್ನ ದೋಣಿಯದು ಎಷ್ಟು ಹಳೇದು ಅಂತ ಮಾರಿದವರಿಗೇ ಗೊತ್ತಿರ್ಲಿಲ್ಲ, ಹಾಗಾಗಿ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, ಪೂರ್ತಿ ಹೊಸ ಸೆಟ್, 340 ಡಾಲರ್. ಅದೇ ರೀತಿ ಕೀಲ್. ಇದು ದೋಣಿ ಮಗುಚದ ಹಾಗೆ ಕೆಳಗೆ ಇಳಿಬಿಟ್ಟ ಭಾರ. ನಮ್ಮದರಲ್ಲಿ ಸುಮಾರು 250 ಕಿಲೋ ಎರಕದ ಕಬ್ಬಿಣ, ಒಂದು ಪಿನ್ನಿನ ಮೇಲೆ ತೂಗ್ತಾ ಇರುತ್ತೆ, ಒಂದು ಉಕ್ಕಿನ ಹಗ್ಗದಲ್ಲಿ ಮೇಲೆ ಕೆಳಗೆ ಮಾಡೋದು. ಆ ಹಗ್ಗ ಹರಿದ್ರೆ ಕಬ್ಬಿಣ ಧಡ್ ಅಂತ ಬಿದ್ದು ಒಡಲನ್ನೇ ಒಡೆಯಬಹುದು. ಪಿನ್, ಹಗ್ಗ, ಬೋಲ್ಟು ಎಲ್ಲಾ ಸೇರಿ 220. ಉಜ್ಜೋವಾಗ ಹಾಕೋ ಒಳ್ಳೇ ಮಾಸ್ಕ್ ಮತ್ತು ಲೈಫ್ ಜಾಕೆಟ್, ಇವೂ ಹೊಸದೇ ಆಗಬೇಕು. ಹಳೇ ದೋಣಿಯ ತಳಕ್ಕೆ ಹೊಡೆದಿರೋ ಬಣ್ಣದಲ್ಲಿ ಚಿಪ್ಪುಹುಳ ಅಂಟದಿರಲಿ ಅಂತ ತಾಮ್ರ ಸೇರಿಸಿರ್ತಾರೆ, ಆ ಧೂಳು ಕುಡಿಯೋಕೆ ಲಾಯಕ್ಕಾದದ್ದಲ್ಲ.

ಟ್ರೈಲರ್ ಟೈರು, ಬೇರಿಂಗು, ಸೆಕೆಂಡ್ ಹ್ಯಾಂಡ್ ಹಾಯಿ, ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಎಂಜಿನ್, ಎಪಾಕ್ಸಿ, ತಳದ ಬಣ್ಣ, ದೋಣಿಯ ಬೆಲೆ, ಎಲ್ಲಾ ಕೂಡಿಸಿದ್ರೆ 2,960 ಡಾಲರ್. 2022ರ ಜೂನ್‌ನಲ್ಲಿ ನೀರಿಗಿಳಿಸಿದೆ. ಇದೇ ಅಳತೆಯ ಹೊಸ ದೋಣಿಗೆ ಹತ್ತಾರು ಸಾವಿರ. ಚುಕ್ಕಾಣಿ? ಅದು ಮೊದಲಿಂದಲೂ ಸರಿಯಾಗೇ ತಿರುಗ್ತಿತ್ತು. ಮಾವನಿಗೆ ಅದೊಂದೇ ಸಮಾಧಾನ.

ಈ ಲೆಕ್ಕದಲ್ಲಿ ಸೇರಿಸದ ಒಂದು ಖರ್ಚಿದೆ, ಅದೇ ನನ್ನ ಕಣ್ಣು ತೆರೆಸಿದ್ದು. ಮನೆ ಮುಂದೆ ದೋಣಿ ನಿಲ್ಲಿಸಿದ ಮೂರನೇ ವಾರಕ್ಕೆ ನಮ್ಮ ಬಡಾವಣೆಯ ಸಂಘದಿಂದ ಪತ್ರ ಬಂತು, "ಬೀದಿಯ ಅಂದ ಕೆಡ್ತಾ ಇದೆ, ತೆಗೀರಿ" ಅಂತ. ಹಾಗಾಗಿ ನಾಲ್ಕು ತಿಂಗಳು ಒಂದು ಬೋಟ್‌ಯಾರ್ಡಿನ ಮೂಲೆಯಲ್ಲಿ ತಿಂಗಳಿಗೆ 75 ಡಾಲರ್ ಬಾಡಿಗೆ. ಅಲ್ಲಿ ನನ್ನ ಪಕ್ಕದಲ್ಲಿದ್ದದ್ದು 34 ಅಡಿಯ ಒಂದು ದೋಣಿ, ಎಪ್ಪತ್ತು ದಾಟಿದ ಒಬ್ಬ ಮುದುಕರದು. ಅದು ನೆಲದ ಮೇಲೆ ನಿಂತು ಹನ್ನೊಂದು ವರ್ಷ ಆಗಿತ್ತು.

ಎಂಥಾ ಕೆಲಸ ಅಂತೀರಿ! ಒಳಗಿನ ತೇಗದ ಮರಕ್ಕೆ ಎಂಟು ಕೋಟ್ ವಾರ್ನಿಷ್, ಮುಖ ನೋಡ್ಕೋಬಹುದು. ಹಿತ್ತಾಳೆ ದೀಪಗಳನ್ನ ಇಂಗ್ಲೆಂಡಿನಿಂದ ತರಿಸಿದ್ರು. ಒಂದು ಡ್ರಾಯರ್ ಹಿಡಿ ಸರಿಯಾಗಿ ಕೂರ್ಲಿಲ್ಲ ಅಂತ ಮೂರು ಸಲ ಹೊಸದಾಗಿ ಕೆತ್ತಿದ್ದನ್ನ ನಾನೇ ನೋಡಿದೀನಿ. ನನ್ನ ತೇಪೆ ನೋಡಿ ಪಾಪ ಏನೂ ಹೇಳದೆ ಮುಖ ತಿರುಗಿಸ್ತಿದ್ರು :-) ಅವರ ಆಸೆ ಒಂದೇ, ದಕ್ಷಿಣಕ್ಕೆ ವರ್ಜೀನಿಯಾದ ಟ್ಯಾಂಜಿಯರ್ ದ್ವೀಪಕ್ಕೆ ಹಾಯಿಯಲ್ಲೇ ಹೋಗಿ ಬರೋದು. ಏಡಿ ಹಿಡಿಯೋರ ಪುಟ್ಟ ದ್ವೀಪ ಅದು, ವರ್ಷಾ ವರ್ಷಾ ಸಮುದ್ರ ತಿಂದು ಸಣ್ಣದಾಗ್ತಾ ಇದೆ. "ಮುಂದಿನ ಬೇಸಿಗೆಗೆ" ಅಂತಿದ್ರು. ಪ್ರತಿ ಸಲ.

2022ರ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಗಳು ಬೇರೆ ಊರಿಂದ ಬಂದು ಎರಡು ದಿನ ಇದ್ದು ಹೋದ್ರು. ಕೊಳ್ಳೋರು ಯಾರೂ ಸಿಗಲಿಲ್ಲ. ಬಾಡಿಗೆ ಕಟ್ಟೋರಿಲ್ಲ. ಕೊನೆಗೆ ಯಾರ್ಡಿನವರು ಜೆಸಿಬಿ ಥರದ ಯಂತ್ರ ತಂದು ಒಂದು ಬೆಳಿಗ್ಗೆ ಒಡೆದ್ರು. ಕೀಲಿನಲ್ಲಿದ್ದ ಸೀಸಕ್ಕೆ ಮಾತ್ರ ಗುಜರಿಯಲ್ಲಿ ಬೆಲೆ ಬಂತು. ಎಂಟು ಕೋಟ್ ವಾರ್ನಿಷ್ ಡಂಪ್‌ಸ್ಟರ್‌ಗೆ ಹೋಯ್ತು.

"ಅವರಿಗೆ ಆ ಕೆಲಸದಲ್ಲೇ ಖುಷಿ ಇತ್ತಲ್ಲ, ಅದೂ ಒಂದು ಸಾರ್ಥಕತೆ ಅಲ್ವಾ" ಅಂತ ಗೆಳೆಯರೊಬ್ಬರು ಹೇಳಿದ್ರು. ಇರಬಹುದು. ಮರಗೆಲಸವೇ ಗುರಿ ಆಗಿದ್ರೆ ನಾನೂ ಒಪ್ತಿದ್ದೆ. ಆದ್ರೆ ಆ ಮನುಷ್ಯ ಊಟದ ಹೊತ್ತಿಗೆ ನಕ್ಷೆ ಬಿಚ್ಚಿಟ್ಟುಕೊಂಡು ಟ್ಯಾಂಜಿಯರ್ ಹಾದಿಯಲ್ಲಿ ಎಲ್ಲೆಲ್ಲಿ ಲಂಗರು ಹಾಕೋದು ಅಂತ ಪೆನ್ಸಿಲ್ ಗುರುತು ಹಾಕ್ತಿದ್ದದ್ದನ್ನ ನಾನು ಕಂಡಿದ್ದೀನಿ. ಆ ದೋಣಿಯ ಒಡಲು, ಕೂವೆ, ಎಂಜಿನ್ ಎಲ್ಲಾ ಏಳೆಂಟು ವರ್ಷದ ಹಿಂದೆಯೇ ತಯಾರಾಗಿತ್ತು ಅಂತ ಅವರೇ ಹೇಳಿದ್ದು. ಉಳಿದಿದ್ದು ಬರೀ ಚಂದ. ಚಂದಕ್ಕೆ ಕಾದು ಕೂತ್ರು. ಅವರಿಗೆ "ಪೂರ್ತಿ ಮಾಡು, ಇಲ್ಲಾಂದ್ರೆ ಮಾಡಬೇಡ" ಅಂತ ಕಲಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಇನ್ನೊಂದು ಉದಾಹರಣೆ, ಇದು ಪ್ರಪಂಚಕ್ಕೆಲ್ಲಾ ಗೊತ್ತಿರೋದು, ನಮ್ಮ ಮುಂಬಯಿಯಲ್ಲಿ ಹುಟ್ಟಿದ ದೋಣಿ. 'ಸುಹೈಲಿ'. ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್‌ಸ್ಟನ್ ಹಡಗಿನಲ್ಲಿ ಅಧಿಕಾರಿಯಾಗಿದ್ದಾಗ ಮುಂಬಯಿಯ ಬಡಗಿಗಳ ಕೈಲಿ ತೇಗದಲ್ಲಿ ಕಟ್ಟಿಸಿದ 32 ಅಡಿ ದೋಣಿ, ನೀರಿಗಿಳಿದದ್ದು 1964ರಲ್ಲಿ. 1968ರ ಜೂನ್ 14ಕ್ಕೆ ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು, ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿ, 1969ರ ಏಪ್ರಿಲ್ 22ಕ್ಕೆ ವಾಪಸ್. ಹಾಗೆ ಮಾಡಿದ ಮೊದಲ ಮನುಷ್ಯ. ಹೊರಟ ಒಂಬತ್ತು ಜನರಲ್ಲಿ ಮುಗಿಸಿದ್ದು ಅವರೊಬ್ಬರೇ. ಇಂಥಾ ದೋಣಿಯನ್ನ ಏನು ಮಾಡಿದ್ರು ಅಂದ್ರೆ, 1997ರಲ್ಲಿ ಗ್ರೀನಿಚ್‌ನ ಸಾಗರ ಮ್ಯೂಸಿಯಂನಲ್ಲಿಟ್ಟು ಗೌರವಿಸಿದ್ರು. ಬಿಸಿಲಿಲ್ಲ, ಮಳೆಯಿಲ್ಲ, ಧೂಳಿಲ್ಲ. ಆದ್ರೆ ಒಳಗಿನ ಒಣ ಗಾಳಿಗೆ ತೇಗದ ಹಲಗೆಗಳು ಕುಗ್ಗಿ ಸಂದು ಬಿಡೋಕೆ ಶುರುವಾಯ್ತು! ದಕ್ಷಿಣ ಸಮುದ್ರದ ಅಲೆಗಳು ಮಾಡದ ಹಾನಿಯನ್ನ ಆ ಆರೈಕೆ ಮಾಡ್ತು. 2002ರಲ್ಲಿ ಅವರು ಅದನ್ನ ಅಲ್ಲಿಂದ ಹೊರಗೆ ತಂದ್ರು. ಆಮೇಲೆ ತುಕ್ಕು ಹಿಡಿದ ಕಬ್ಬಿಣದ ಮೊಳೆಗಳನ್ನ ತೆಗೆದು ಕಂಚಿನವು ಹಾಕಿ ಮತ್ತೆ ನೀರಿಗಿಳಿಸಿದ್ರು. 2018ರ ಜೂನ್‌ನಲ್ಲಿ, ಮೊದಲ ಸಲ ಹೊರಟ ಐವತ್ತು ವರ್ಷಕ್ಕೆ, ಅದೇ ಫಾಲ್ಮತ್‌ನಲ್ಲಿ ಸುಹೈಲಿ ಹಾಯಿ ಬಿಚ್ಚಿತು, 79 ವರ್ಷದ ಯಜಮಾನರ ಜೊತೆ. ಸುಹೈಲಿಗೆ ಖರ್ಚಾದ ದುಡ್ಡು ನಮ್ಮಂಥವರ ಅಳತೆಯದಲ್ಲ, ಒಪ್ಕೋತೀನಿ. ಆದ್ರೆ ಆ ಖರ್ಚು ಹೋಗಿದ್ದು ಎಲ್ಲಿಗೆ ನೋಡಿ: ಮೊಳೆಗೆ. ನಮ್ಮ ಮಾವನ ಮೊದಲ ಪ್ರಶ್ನೆಗೆ!

ಕೆಲವರು ಇನ್ನೊಂದು ಮಾತು ಹೇಳ್ತಾರೆ, ಹಳೇದನ್ನ ಯಾಕೆ ಉಳಿಸಬೇಕು, ಗುಜರಿಗೆ ಹಾಕಿದ್ರಾಯ್ತು ಅಂತ. ಫೈಬರ್‌ಗ್ಲಾಸಿಗೆ ಗುಜರಿಯೇ ಇಲ್ಲ ಸ್ವಾಮಿ. ಕಾರಿನ ಹಾಗೆ ಕರಗಿಸೋಕಾಗಲ್ಲ, ಮರದ ಹಾಗೆ ಮಣ್ಣಾಗಲ್ಲ. ಒಡೆದು ಹೂಳಬೇಕು, ಅದಕ್ಕೂ ದುಡ್ಡು. ಅದಕ್ಕೇ ಎಷ್ಟೋ ಜನ ರಾತ್ರೋರಾತ್ರಿ ಯಾವುದೋ ಹಿನ್ನೀರಲ್ಲಿ ದೋಣಿ ಬಿಟ್ಟು ಓಡಿಹೋಗ್ತಾರೆ. ಫ್ರಾನ್ಸಿನಲ್ಲಿ 2019ರಿಂದ ಹಳೇ ದೋಣಿಗಳನ್ನ ಮಾಲೀಕರಿಂದ ದುಡ್ಡು ತಗೊಳ್ಳದೆ ಒಡೆಯೋ ವ್ಯವಸ್ಥೆ ಶುರುವಾಯ್ತು, ಇಲ್ಲಿ ರೋಡ್ ಐಲ್ಯಾಂಡ್‌ನಲ್ಲಿ ಪುಡಿ ಮಾಡಿ ಸಿಮೆಂಟ್ ಗೂಡಿಗೆ ಹಾಕೋ ಪ್ರಯತ್ನ ನಡೀತು. ಒಳ್ಳೇದೇ. ಆದ್ರೆ ಇನ್ನೂ ಇಪ್ಪತ್ತು ವರ್ಷ ತೇಲಬಲ್ಲ ಒಡಲನ್ನ ಪುಡಿ ಮಾಡೋದಕ್ಕಿಂತ ನಾಲ್ಕು ತಂತಿ, ಒಂದು ತೇಪೆ ಹಾಕಿ ಓಡಿಸೋದು ಎಷ್ಟೋ ಮೇಲು.

ಹಾಗಂತ ಕಂಡ ದೋಣಿನೆಲ್ಲಾ ತಗೊಳ್ಳಿ ಅಂತಿಲ್ಲ. ಮೂವತ್ತು ಅಡಿ ಮೇಲಿನದು ಪುಕ್ಕಟೆ ಸಿಕ್ಕಿದ್ರೂ ಬೇಡ. ಉದ್ದ ಎರಡರಷ್ಟಾದ್ರೆ ಖರ್ಚು ಎರಡರಷ್ಟಲ್ಲ, ತೂಕದ ಜೊತೆ ಏರುತ್ತೆ. ಎಂಜಿನ್ ಒಳಗೇ ಇರೋದು ಬೇಡ. ಟ್ರೈಲರ್ ಇಲ್ಲದ್ದು ಬೇಡ, ಯಾರ್ಡ್ ಬಾಡಿಗೆ ನಿಮ್ಮನ್ನ ತಿಂದುಹಾಕುತ್ತೆ. ಡೆಕ್ಕಿನ ಅರ್ಧಕ್ಕಿಂತ ಹೆಚ್ಚು ದಬ್ ಅಂದ್ರೆ ನಮಸ್ಕಾರ ಹೇಳಿ ವಾಪಸ್ ಬನ್ನಿ. ತಳದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಇದ್ರೆ ಹೆದರಬೇಡಿ, ಅದು ಹಳೇ ಫೈಬರ್‌ಗ್ಲಾಸಿನ ಮೊಡವೆ. ಟ್ರೈಲರ್ ಮೇಲೆ ವರ್ಷಕ್ಕೆ ಆರು ತಿಂಗಳು ಒಣಗೋ ಸಣ್ಣ ದೋಣಿಗೆ ಅದರಿಂದ ಸಾಮಾನ್ಯವಾಗಿ ದೊಡ್ಡ ತೊಂದರೆ ಇಲ್ಲ.

ಮತ್ತೆ ಹಾಯಿದೋಣಿ ಶ್ರೀಮಂತರ ಆಟ ಅನ್ನೋ ಮಾತು. ಇದು ನಮ್ಮವರ ಬಾಯಲ್ಲೇ ಹೆಚ್ಚು. ವಾರಾಂತ್ಯದ ಕನ್ನಡ ಕೂಟದಲ್ಲಿ ಇದನ್ನ ಹೇಳೋರು ಐವತ್ತು ಸಾವಿರದ ಕಾರಿಂದ ಇಳಿದು ಬಂದಿರ್ತಾರೆ! ಇಲ್ಲಿ ನನ್ನ ಜೊತೆ ಹಾಯಿ ಕಟ್ಟೋರು ಒಬ್ಬ ಸ್ಕೂಲ್ ಬಸ್ ಡ್ರೈವರ್, ಒಬ್ಬ ನರ್ಸ್. ಗಂಗೊಳ್ಳಿಯಲ್ಲಂತೂ ನಮ್ಮಜ್ಜ ಹಾಯಿ ಕಟ್ಟಿದ್ದು ಹೊಟ್ಟೆಪಾಡಿಗೆ. ಎರಡೇ ತಲೆಮಾರಿನಲ್ಲಿ ಅದು ನಮಗೆ ಶ್ರೀಮಂತರದ್ದಾಗಿಬಿಡ್ತು, ವಿಚಿತ್ರ.

ಕ್ಯಾಟಲೀನಾದಲ್ಲಿ ಇನ್ನೂ ಆಗದೇ ಇರೋ ಕೆಲಸ ಬೇಕಾದಷ್ಟಿದೆ. ಪ್ರತಿ ಚಳಿಗಾಲಕ್ಕೆ ಒಂದು ಅಂತ ಇಟ್ಕೊಂಡಿದೀನಿ, ಏಪ್ರಿಲ್ ಬಂದ್ರೆ ಆಗಿರೋ ಅಷ್ಟಕ್ಕೇ ನಿಲ್ಲಿಸಿ ನೀರಿಗೆ. ಎಡಗಡೆ ಕಿಟಕಿ ಮಳೆಗೆ ಈಗಲೂ ಸೋರುತ್ತೆ, ಆ ಕಡೆ ಮಲಗಿದೋರು ಒದ್ದೆಯಾಗಿ ಏಳ್ತಾರೆ. ಯಾರಾದ್ರೂ ಈ ಕಡೆ ಬಂದ್ರೆ ಹೇಳಿ, ಒಂದು ಸುತ್ತು ಹೋಗಿ ಬರೋಣ. ಬಲಗಡೆ ಜಾಗ ಮಾತ್ರ ನಂದು :-)